ಉಪ್ಪುಗಾಳಿಯ ಊರಿನಲ್ಲಿ ಹೊಸ ಮನೆ

ಮಂಗಳೂರಿನ ಕದ್ರಿ, ಬಿಜೈ, ಬೆಂದೂರು, ಕಂಕನಾಡಿ ಮುಂತಾದ ಕಡೆ ಹಂಚಿನ ಮಾಡಿನ ಮನೆಗಳೂ ತೆಂಗಿನ ಹಿತ್ತಿಲುಗಳೂ ಇದ್ದ ಜಾಗದಲ್ಲಿ ಕಳೆದ ಕೆಲವು ದಶಕಗಳಿಂದ ಬಹುಮಹಡಿ ವಸತಿ ಸಮುಚ್ಚಯಗಳು ಏಳುತ್ತಿದ್ದು, ಅವುಗಳಲ್ಲಿ ಫ್ಲ್ಯಾಟ್ ಕೊಳ್ಳುವವರಲ್ಲಿ ಊರಿನ ನೌಕರರು, ವ್ಯಾಪಾರಿಗಳ ಜೊತೆಗೆ ಕೊಲ್ಲಿ ರಾಷ್ಟ್ರಗಳಲ್ಲಿಯೂ ಮುಂಬಯಿಯಲ್ಲಿಯೂ ದುಡಿದು ನಿವೃತ್ತಿಯ ದಿನಗಳಿಗೆಂದು ಊರಿನಲ್ಲಿ ನೆಲೆ ಮಾಡಿಕೊಳ್ಳಬಯಸುವವರೂ ಇದ್ದಾರೆ. ಇಂಥ ಮನೆಯನ್ನು ನೋಡಲು ಹೋದವರ ಕಣ್ಣಿಗೆ ಬೀಳುವುದು ನೆಲದ ಟೈಲ್ಸ್, ಅಡುಗೆಮನೆಯ ಕಪಾಟು, ಬಾಲ್ಕನಿಯಿಂದ ಕಾಣುವ ಕಡಲು. ಆದರೆ ಕರಾವಳಿಯಲ್ಲಿ ಕಟ್ಟಡದ ಆಯುಸ್ಸನ್ನು ನಿರ್ಧರಿಸುವ ಸಂಗತಿಗಳೆಲ್ಲ ಗಿಲಾವಿನ ಒಳಗೆ, ಮಣ್ಣಿನ ಕೆಳಗೆ ಮತ್ತು ಕಂದಾಯ ಕಚೇರಿಯ ಕಡತಗಳಲ್ಲಿ ಇರುತ್ತವೆ. ಕಟ್ಟಡದಲ್ಲಿ ರಚನಾತ್ಮಕ ದೋಷ ಕಂಡುಬಂದರೆ ಮನೆ ಹಸ್ತಾಂತರವಾದ ದಿನದಿಂದ ಐದು ವರ್ಷಗಳವರೆಗೆ ನಿರ್ಮಾಪಕನೇ ತನ್ನ ಖರ್ಚಿನಲ್ಲಿ ಅದನ್ನು ಸರಿಪಡಿಸಬೇಕೆಂದು 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, ಅಂದರೆ ಜನಬಳಕೆಯ 'ರೇರಾ', ವಿಧಿಸುತ್ತದೆ. ಕಡಲಿನ ಉಪ್ಪು ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ತಲಪಿ ತುಕ್ಕನ್ನು ಹೊರಗೆಡಹಲು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಕಾನೂನಿನ ರಕ್ಷಣೆ ಮುಗಿದ ಮೇಲೆ ಕಾಣಿಸಿಕೊಳ್ಳುವ ದೋಷದಿಂದ ಕೊಳ್ಳುವವರನ್ನು ಕಾಪಾಡಬಲ್ಲದ್ದು ಕರಾರಿಗೆ ಸಹಿ ಹಾಕುವ ಮೊದಲೇ ಅವರು ನಡೆಸುವ ವಿಚಾರಣೆಯೊಂದೇ ಆಗಿರುವುದರಿಂದ, ಆ ವಿಚಾರಣೆ ಏನನ್ನು ಕುರಿತು ಇರಬೇಕೆಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗುತ್ತದೆ.

ಕಾಂಕ್ರೀಟು ಸ್ವಭಾವತಃ ಕ್ಷಾರೀಯವಾದದ್ದು. ಆ ಕ್ಷಾರಗುಣದಿಂದಾಗಿ ಅದರೊಳಗಿನ ಕಬ್ಬಿಣದ ಸರಳುಗಳ ಮೇಲೆ ಅತಿ ತೆಳುವಾದ ಆಕ್ಸೈಡಿನ ಪದರವೊಂದು ಉಂಟಾಗಿ, ಅದು ಕಬ್ಬಿಣ ತುಕ್ಕು ಹಿಡಿಯದಂತೆ ತಡೆಯುತ್ತದೆ. ಕಡಲ ಗಾಳಿಯೊಂದಿಗೆ ಬರುವ ಉಪ್ಪಿನಲ್ಲಿರುವ ಕ್ಲೋರೈಡ್, ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ತೇವದ ಜೊತೆ ಒಳಗಿಳಿದು, ಸಾಕಷ್ಟು ಪ್ರಮಾಣದಲ್ಲಿ ಸರಳನ್ನು ಮುಟ್ಟಿದಾಗ ಆ ಪದರವನ್ನು ಅಲ್ಲಲ್ಲಿ ಒಡೆಯುತ್ತದೆ. ಅಲ್ಲಿಂದ ತುಕ್ಕು ಆರಂಭವಾಗುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಒಳಗಿನಿಂದ ಒತ್ತಡ ಬೆಳೆದು ಕಂಬ, ತೊಲೆಗಳ ಮೇಲೆ ಸರಳಿನ ಉದ್ದಕ್ಕೂ ಬಿರುಕು ಮೂಡುತ್ತದೆ, ಆ ಬಿರುಕಿನಿಂದ ಇನ್ನಷ್ಟು ಉಪ್ಪುನೀರು ಒಳಸೇರುತ್ತದೆ, ಕೊನೆಗೆ ಕಾಂಕ್ರೀಟು ಚಕ್ಕೆಯಾಗಿ ಕಳಚಿ ಸರಳು ಬಯಲಾಗುತ್ತದೆ. ಕರಾವಳಿಯ ಹಳೆಯ ಕಟ್ಟಡಗಳ ಬಾಲ್ಕನಿಯ ಅಡಿಭಾಗದಲ್ಲಿಯೂ ಸಜ್ಜಾಗಳ ಅಂಚಿನಲ್ಲಿಯೂ ಕಾಣುವ ಕೆಂಗಂದು ಗೆರೆಗಳು ಈ ಕ್ರಿಯೆಯ ಕೊನೆಯ ಹಂತಕ್ಕೆ ಸೇರಿದವು.

ಸರಳಿನ ಹೊರಮೈಗೂ ಕಾಂಕ್ರೀಟಿನ ಹೊರಮೈಗೂ ನಡುವೆ ಇರುವ ದಪ್ಪಕ್ಕೆ ಕಟ್ಟಡದ ಕೆಲಸದವರು 'ಕವರ್' ಎನ್ನುತ್ತಾರೆ. ಉಪ್ಪಿಗೂ ಕಬ್ಬಿಣಕ್ಕೂ ನಡುವೆ ನಿಂತಿರುವುದು ಇದೊಂದೇ. ಭಾರತೀಯ ಮಾನಕ ಸಂಸ್ಥೆಯ ಐಎಸ್ 456:2000 ಎಂಬ ಸಂಹಿತೆ ಕಾಂಕ್ರೀಟು ಎದುರಿಸಬೇಕಾದ ಪರಿಸರವನ್ನು ಸೌಮ್ಯದಿಂದ ಅತಿರೇಕದವರೆಗೆ ಐದು ವರ್ಗಗಳಾಗಿ ವಿಂಗಡಿಸಿದ್ದು, ಕರಾವಳಿಯ ವಾತಾವರಣಕ್ಕೆ ತೆರೆದುಕೊಂಡ ಕಾಂಕ್ರೀಟನ್ನು ಮೂರನೆಯದಾದ 'ತೀವ್ರ' ವರ್ಗದಲ್ಲಿಯೂ ಕಡಲಿನ ತುಂತುರು ನೇರವಾಗಿ ಬೀಳುವಂಥದ್ದನ್ನು ನಾಲ್ಕನೆಯದಾದ 'ಅತಿ ತೀವ್ರ' ವರ್ಗದಲ್ಲಿಯೂ ಇರಿಸಿದೆ. ಸೌಮ್ಯ ವರ್ಗದ ಒಳನಾಡಿನ ಕಟ್ಟಡಕ್ಕೆ ಎಂ20 ದರ್ಜೆಯ ಕಾಂಕ್ರೀಟು ಮತ್ತು 20 ಮಿಲಿಮೀಟರ್ ಕವರ್ ಸಾಕಾದರೆ, ತೀವ್ರ ವರ್ಗಕ್ಕೆ ಕನಿಷ್ಠ ಎಂ30 ದರ್ಜೆ, 45 ಮಿಲಿಮೀಟರ್ ಕವರ್, ಸಿಮೆಂಟಿನ ತೂಕದ 0.45 ಪಟ್ಟನ್ನು ಮೀರದ ನೀರು ಬೇಕು. ಅತಿ ತೀವ್ರ ವರ್ಗಕ್ಕೆ ಎಂ35 ದರ್ಜೆ ಮತ್ತು 50 ಮಿಲಿಮೀಟರ್ ಕವರ್ ಬೇಕು. ಎಂ ಅಕ್ಷರದ ಮುಂದಿನ ಸಂಖ್ಯೆ, 28 ದಿನ ಹದಗೊಂಡ ಕಾಂಕ್ರೀಟಿನ ಘನಾಕೃತಿ ಪ್ರತಿ ಚದರ ಮಿಲಿಮೀಟರಿಗೆ ಎಷ್ಟು ನ್ಯೂಟನ್ ಒತ್ತಡವನ್ನು ತಾಳಬೇಕೆಂಬುದನ್ನು ಸೂಚಿಸುತ್ತದೆ. ಕವರಿನ ವಿಷಯದಲ್ಲಿ ಸಾಮಾನ್ಯ ಓದುಗರು ತಿಳಿದಿರಲೇಬೇಕಾದ ಅಂಶವೊಂದಿದೆ: ಉಪ್ಪು ಒಳಗೆ ಇಳಿಯಲು ಹಿಡಿಯುವ ಕಾಲ ಸ್ಥೂಲವಾಗಿ ಕವರಿನ ದಪ್ಪದ ವರ್ಗಕ್ಕೆ ಅನುಗುಣವಾಗಿರುವುದರಿಂದ, 45 ಮಿಲಿಮೀಟರ್ ಇರಬೇಕಾದಲ್ಲಿ 20 ಮಿಲಿಮೀಟರ್ ಮಾತ್ರ ಇದ್ದರೆ ಆ ಕಾಲ ಅರ್ಧಕ್ಕಲ್ಲ, ಸುಮಾರು ಐದನೇ ಒಂದಕ್ಕೆ ಇಳಿಯುತ್ತದೆ. ಕಂಬದ ಪೆಟ್ಟಿಗೆಯೊಳಗೆ ಸರಳಿನ ಕಟ್ಟು ಒಂದು ಇಂಚು ಒತ್ತಟ್ಟಿಗೆ ಜರುಗಿದ್ದು, ಅಥವಾ ಕೆಳಗಿಡಬೇಕಾದ ಕವರ್ ಬ್ಲಾಕ್‌ಗಳ ಬದಲು ಜಲ್ಲಿಕಲ್ಲಿನ ತುಂಡುಗಳನ್ನು ಇಟ್ಟದ್ದು ಕಟ್ಟಡದ ಆಯುಸ್ಸಿನಲ್ಲಿ ದಶಕಗಳನ್ನೇ ಕಡಿಮೆ ಮಾಡಬಲ್ಲದು.

ಹೊರಗಿನಿಂದ ಬರುವ ಉಪ್ಪಿನ ಜೊತೆಗೆ ಕಾಂಕ್ರೀಟು ಕಲಸುವಾಗಲೇ ಒಳಸೇರುವ ಉಪ್ಪೂ ಇದೆ. ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಮಂಗಳೂರಿನಲ್ಲಿಯೇ ಕಡಲು ಸೇರುವುದರಿಂದ ಅಳಿವೆಗೆ ಸಮೀಪದ ಮರಳಿನಲ್ಲಿಯೂ ತಗ್ಗಿನ ಬಾವಿ, ಬೋರ್‌ವೆಲ್‌ಗಳ ನೀರಿನಲ್ಲಿಯೂ ಉಪ್ಪಿನಂಶ ಇರಬಹುದು. ಕಬ್ಬಿಣವುಳ್ಳ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಪ್ರತಿ ಲೀಟರಿಗೆ 500 ಮಿಲಿಗ್ರಾಂ ಮೀರಬಾರದೆಂದು ಅದೇ ಸಂಹಿತೆ ಹೇಳುತ್ತದೆ. ಆದ್ದರಿಂದ ಕೊಳ್ಳುವವರು ನೀರಿನ ಮತ್ತು ಮರಳಿನ ಪರೀಕ್ಷಾ ವರದಿ, 28 ದಿನಗಳ ಘನಾಕೃತಿ ಪರೀಕ್ಷೆಯ ವರದಿ, ಕವರ್ ಎಷ್ಟೆಂದು ಬರೆದಿರುವ ರಚನಾ ನಕ್ಷೆ ಇವುಗಳನ್ನು ಕೇಳುವುದರಲ್ಲಿ ಸಂಕೋಚಪಡಬೇಕಾದ್ದಿಲ್ಲ. ಜವಾಬ್ದಾರಿಯಿಂದ ಕಟ್ಟಿದವರ ಬಳಿ ಇವೆಲ್ಲವೂ ಇದ್ದೇ ಇರುತ್ತವೆ. ಕಟ್ಟಡ ಆಗಲೇ ಮುಗಿದಿದ್ದರೆ, ಗೋಡೆ ಒಡೆಯದೆಯೇ ಕವರಿನ ದಪ್ಪವನ್ನು ಅಳೆಯುವ ಕವರ್ ಮೀಟರ್ ಎಂಬ ಉಪಕರಣವಿದ್ದು, ಸ್ವತಂತ್ರ ರಚನಾ ಎಂಜಿನಿಯರೊಬ್ಬರಿಂದ ಕೆಲವು ಕಂಬಗಳನ್ನಾದರೂ ನೋಡಿಸಲು ತಗಲುವ ವೆಚ್ಚ ಮನೆಯ ಬೆಲೆಯ ಮುಂದೆ ಅತ್ಯಲ್ಪ. ಕಡಲಿಗೆ ಮುಖಮಾಡಿದ ಮನೆಗಳಲ್ಲಿ ಬಾಲ್ಕನಿಯ ಕೈಪಿಡಿಗೆ ಸಾಮಾನ್ಯವಾದ 304 ದರ್ಜೆಯ ಸ್ಟೀಲಿಗಿಂತ, ಮಾಲಿಬ್ಡಿನಂ ಬೆರೆಸಿದ 316 ದರ್ಜೆಯದು ಉಪ್ಪನ್ನು ಹೆಚ್ಚು ತಾಳುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಬಹುದು.

ಉಪ್ಪಿನ ನಂತರದ್ದು ಮಳೆ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ, ಗಾಳಿಯೊಡನೆ ಓರೆಯಾಗಿ ಬೀಳುತ್ತದೆ. ಇಳಿಜಾರಾದ ಹಂಚಿನ ಮಾಡು, ಗೋಡೆಯಿಂದ ಬಹಳ ಮುಂದಕ್ಕೆ ಚಾಚಿದ ಸೂರು, ಸುತ್ತಲೂ ಜಗಲಿ ಇರುವ ಹಳೆಯ ಮನೆಗಳು ಈ ಓರೆಮಳೆಯನ್ನು ಗೋಡೆಗೆ ತಾಕದಂತೆ ದೂರವಿಡುತ್ತಿದ್ದವು. ಸಮತಟ್ಟಾದ ತಾರಸಿ, ಮುಂಚಾಚು ಇಲ್ಲದ ಗಾಜಿನ ಮುಖಗಳನ್ನುಳ್ಳ ಇಂದಿನ ಕಟ್ಟಡಗಳು ಚಿತ್ರದಲ್ಲಿ ಸುಂದರವಾಗಿ ಕಂಡರೂ ಪಶ್ಚಿಮದ ಗೋಡೆಗಳನ್ನು ಮಳೆಗೆ ಒಡ್ಡಿಬಿಡುತ್ತವೆ. ಆದಕಾರಣ ಕರಾವಳಿಯಲ್ಲಿ ಸಿದ್ಧವಾದ ಮನೆಯನ್ನು ನೋಡಲು ತಕ್ಕ ಕಾಲ ಡಿಸೆಂಬರ್ ಅಲ್ಲ, ಜುಲೈ-ಆಗಸ್ಟ್‌ನಲ್ಲಿ ಬರುವ ಆಟಿ ತಿಂಗಳು. ಒಂದೆರಡು ವಾರ ಬಿಡದೆ ಮಳೆ ಸುರಿದ ಮೇಲೆ ಕಿಟಕಿಯ ಚೌಕಟ್ಟಿನ ಕೆಳಮೂಲೆಗಳು, ಪಶ್ಚಿಮ ಮತ್ತು ನೈರುತ್ಯದ ಗೋಡೆಗಳ ಒಳಮೈ, ಕೊನೆಯ ಮಹಡಿಯ ಒಳಮಾಳಿಗೆ, ಲಿಫ್ಟಿನ ಗುಂಡಿ, ನೆಲಮಾಳಿಗೆಯ ವಾಹನ ನಿಲುಗಡೆ ಇವಿಷ್ಟನ್ನು ನೋಡಿದರೆ ಕಟ್ಟಡದ ಬಗ್ಗೆ ಯಾವ ಕೈಹೊತ್ತಿಗೆಯೂ ಹೇಳದಷ್ಟು ತಿಳಿಯುತ್ತದೆ. ಮಳೆಗಾಲದವರೆಗೆ ಕಾಯಲಾಗದವರು ಬಚ್ಚಲುಮನೆಗಳಲ್ಲಿಯಾದರೂ ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗಿನ ಮನೆಯ ಮಾಳಿಗೆ ಒಸರುವುದೇ ಎಂದು ಪರೀಕ್ಷಿಸುವಂತೆ ಕೇಳಬಹುದು. ಹೊಸ ಬಣ್ಣದ ವಾಸನೆ ಆರುವ ಮೊದಲೇ ಗೋಡೆಯ ಬುಡದಲ್ಲಿ ಬಿಳಿಯ ಉಪ್ಪಿನ ಹುಡಿ ಒಡೆದಿದ್ದರೆ ಆ ಮನೆಯ ವಿಷಯದಲ್ಲಿ ಅವಸರ ಮಾಡಬಾರದು.

ನೆಲದ ವಿಷಯ ಇದಕ್ಕಿಂತಲೂ ಗಹನವಾದದ್ದು. ಕರಾವಳಿಯ ಗುಡ್ಡಗಳ ಮೇಲ್ಪದರ ಮನೆ ಕಟ್ಟಲು ಬಳಸುವ ಕೆಂಪು ಮುರಕಲ್ಲು, ಅದು ಗಟ್ಟಿ. ಅದರ ಅಡಿಯಲ್ಲಿ ಹಲವೆಡೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಮೆತ್ತನೆಯ ಮಣ್ಣಿದೆ. ಜನ ಅದನ್ನು ಶೇಡಿ ಮಣ್ಣು ಎನ್ನುತ್ತಾರೆ. ಒಣಗಿದಾಗ ಬಲವಾಗಿಯೇ ನಿಲ್ಲುವ ಶೇಡಿ ಮಣ್ಣು ನೀರು ಕುಡಿದೊಡನೆ ತನ್ನ ಬಲವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ ಎಂಬುದನ್ನು ಸುರತ್ಕಲ್ಲಿನ ಎನ್‌ಐಟಿಕೆಯ ಸಂಶೋಧಕರೂ ಅಧ್ಯಯನ ಮಾಡಿದ್ದಾರೆ. ಗುಡ್ಡವನ್ನು ನೇರವಾಗಿ ಕಡಿದು ಸಮತಟ್ಟು ಮಾಡಿ ಕಟ್ಟಡ ಎಬ್ಬಿಸಿದಾಗ ಮುರಕಲ್ಲಿನ ಟೋಪಿ ಹೋಗಿ ಈ ಪದರ ಮಳೆಗೆ ತೆರೆದುಕೊಳ್ಳುವುದರಿಂದ, ಕಟ್ಟಡದ ಹಿಂಬದಿಯ ತಡೆಗೋಡೆಯನ್ನು ಎಂಜಿನಿಯರ್ ಲೆಕ್ಕ ಹಾಕಿ ಕಟ್ಟಿಸಿದ್ದಾರೆಯೇ, ಅದರಲ್ಲಿ ಹಿಂದಿನ ನೀರು ಹೊರಹೋಗಲು ತೂತುಗಳಿವೆಯೇ, ಅಡಿಪಾಯಕ್ಕೆ ಮೊದಲು ಕೊಳವೆ ಕೊರೆದು ಮಣ್ಣಿನ ಪರೀಕ್ಷೆ ಮಾಡಿಸಲಾಗಿತ್ತೇ ಎಂಬ ಪ್ರಶ್ನೆಗಳು ಅಲಂಕಾರದ ಪ್ರಶ್ನೆಗಳಲ್ಲ. ತಗ್ಗಿನ ಕಡೆ ಸಮಸ್ಯೆ ಬೇರೆ ರೂಪದ್ದು. ಹಿಂದೆ ಗದ್ದೆಗಳಾಗಿದ್ದು ಮಳೆನೀರನ್ನು ಹಿಡಿದಿಡುತ್ತಿದ್ದ ಬೈಲುಗಳಿಗೆ ಮಣ್ಣು ತುಂಬಿ, ತೋಡುಗಳನ್ನು ಕಿರಿದುಗೊಳಿಸಿ ಕಟ್ಟಿದ್ದರ ಫಲವಾಗಿ ಕೊಟ್ಟಾರ ಚೌಕಿ, ಪಂಪ್‌ವೆಲ್‌ನಂಥ ಜಾಗಗಳಲ್ಲಿ ಜೋರು ಮಳೆಗೆ, ಪತ್ರಿಕೆಗಳು ಕೃತಕ ನೆರೆ ಎಂದು ಕರೆಯುವ ಸ್ಥಿತಿ ಮತ್ತೆ ಮತ್ತೆ ಉಂಟಾಗುತ್ತದೆ. ಮಳೆಯ ಹೊತ್ತಿಗೆ ಕಡಲಿನಲ್ಲಿ ಉಬ್ಬರವೂ ಇದ್ದರೆ ತೋಡಿನ ನೀರು ಹೊಳೆಗೆ ಇಳಿಯಲಾರದೆ ಹಿಂದಕ್ಕೆ ಒತ್ತುತ್ತದೆ. ನಿವೇಶನದ ಪೂರ್ವಸ್ಥಿತಿಯನ್ನು ಗ್ರಾಮನಕ್ಷೆಯಿಂದಲೂ ನೆರೆಮನೆಯ ಹಿರಿಯರಿಂದಲೂ ತಿಳಿದುಕೊಳ್ಳಬಹುದು.

ಕಡಲಿಗೂ ಹೊಳೆಗೂ ಸಮೀಪವಾದ ಮನೆಗಳಿಗೆ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್‌ನ, ನಿಯಮಗಳು ಅನ್ವಯಿಸುತ್ತವೆ. 1991ರಲ್ಲಿ ಮೊದಲು ಬಂದು, 2011ರಲ್ಲಿಯೂ 2019ರಲ್ಲಿಯೂ ಮರುರೂಪ ಪಡೆದ ಈ ಅಧಿಸೂಚನೆ, ಉಬ್ಬರದ ನೀರು ಏರುವ ಗೆರೆಯಿಂದ ಒಳನಾಡಿನತ್ತ 500 ಮೀಟರ್‌ವರೆಗಿನ ಭೂಮಿಯನ್ನು ನಿಯಂತ್ರಣಕ್ಕೆ ಒಳಪಡಿಸುತ್ತದೆ. ಉಬ್ಬರವಿಳಿತದ ಪ್ರಭಾವವಿರುವ ನದಿ, ಅಳಿವೆಗಳ ದಡದಲ್ಲಿ 2011ರ ನಿಯಮದಂತೆ ಗರಿಷ್ಠ 100 ಮೀಟರ್ ಇದ್ದ ಈ ಪಟ್ಟಿ 2019ರ ನಿಯಮದಲ್ಲಿ 50 ಮೀಟರ್ ಅಥವಾ ನದಿಯ ಅಗಲ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟಾಗಿದೆ. ಆಗಲೇ ಕಟ್ಟಡಗಳಿಂದ ತುಂಬಿದ ನಗರಭಾಗಗಳಲ್ಲಿ, ಹಿಂದಿನಿಂದ ಇರುವ ರಸ್ತೆ ಅಥವಾ ಅಧಿಕೃತ ಕಟ್ಟಡಗಳ ಭೂಮಿಯ ಬದಿಗೆ ಮಾತ್ರ ನಿರ್ಮಾಣಕ್ಕೆ ಅವಕಾಶವಿದೆ. ಇದನ್ನು ಕಡೆಗಣಿಸಿದರೆ ಏನಾಗಬಹುದೆಂಬುದಕ್ಕೆ ಕೊಚ್ಚಿಗೆ ಹೊಂದಿಕೊಂಡ ಮರಡು ಪಟ್ಟಣದ ಪ್ರಕರಣವನ್ನು ಕರಾವಳಿಯ ಪ್ರತಿಯೊಬ್ಬ ಗ್ರಾಹಕನೂ ಅರಿತಿರಬೇಕು. ಅಲ್ಲಿ ಸ್ಥಳೀಯ ಪಂಚಾಯಿತಿಯ ಪರವಾನಗಿ ಪಡೆದೇ ಕಟ್ಟಿದ್ದ ನಾಲ್ಕು ವಸತಿ ಸಮುಚ್ಚಯಗಳು ಕರಾವಳಿ ನಿಯಮವನ್ನು ಉಲ್ಲಂಘಿಸಿವೆಯೆಂದು 2019ರ ಮೇ 8ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತು, ಅವುಗಳನ್ನು ಕೆಡವಲು ಆದೇಶಿಸಿತು; ಮುನ್ನೂರಕ್ಕೂ ಹೆಚ್ಚು ಮನೆಗಳಿದ್ದ ಆ ಕಟ್ಟಡಗಳನ್ನು 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ನೆಲಸಮ ಮಾಡಲಾಯಿತು. ಮನೆಯವರಿಗೆ ತಲಾ 25 ಲಕ್ಷ ರೂಪಾಯಿಯ ಮಧ್ಯಂತರ ಪರಿಹಾರವನ್ನು ನ್ಯಾಯಾಲಯ ಗೊತ್ತುಪಡಿಸಿತಾದರೂ, ಬ್ಯಾಂಕು ಸಾಲ ಕೊಟ್ಟಿತ್ತು, ನೋಂದಣಿ ಆಗಿತ್ತು, ತೆರಿಗೆ ಕಟ್ಟಲಾಗಿತ್ತು ಎಂಬ ಯಾವ ಸಂಗತಿಯೂ ಗೋಡೆಗಳನ್ನು ಉಳಿಸಲಿಲ್ಲ. ಕಡಲ್ಕೊರೆತದಿಂದ ಪ್ರತಿ ಮಳೆಗಾಲ ನಲುಗುವ ಉಳ್ಳಾಲದ ಕಡೆಯಾಗಲಿ, ಫಲ್ಗುಣಿಯ ದಡದ ಕೂಳೂರಿನ ಕಡೆಯಾಗಲಿ ಮನೆ ನೋಡುವವರು ಸರ್ವೆ ನಂಬರನ್ನು ಹಿಡಿದು ಕರಾವಳಿ ವಲಯದ ಅನುಮೋದಿತ ನಕ್ಷೆಯಲ್ಲಿ ಅದು ಎಲ್ಲಿ ಬೀಳುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಈ ಕಾರಣಕ್ಕಾಗಿ ಅಗತ್ಯ.

ಭೂಮಿಯ ಹಕ್ಕಿನ ಇತಿಹಾಸ ದಕ್ಷಿಣ ಕನ್ನಡದಲ್ಲಿ ರಾಜ್ಯದ ಇತರ ಭಾಗಗಳಿಗಿಂತ ಹೆಚ್ಚು ಸಿಕ್ಕುಗಳುಳ್ಳದ್ದು. ಇಲ್ಲಿ ಒಡೆತನದ ವರ್ಗ ಜಮೀನಿನ ಪಕ್ಕದಲ್ಲಿ ಕುಮ್ಕಿ ಎಂಬ ಭೂಮಿ ಇರುತ್ತದೆ. ಸೊಪ್ಪು, ಸೌದೆ, ಮೇವುಗಳಿಗಾಗಿ ಅದನ್ನು ಬಳಸುವ ಸೌಲಭ್ಯ ವರ್ಗದಾರರಿಗೆ ಇದೆಯಾದರೂ ಭೂಮಿ ಸರಕಾರದ್ದು, ಆದ್ದರಿಂದ ಸಮುಚ್ಚಯದ ರಸ್ತೆಯೋ ಉದ್ಯಾನವೋ ಕುಮ್ಕಿಯ ಮೇಲೆ ಚಾಚಿದ್ದರೆ ಅದು ಮುಂದಿನ ವ್ಯಾಜ್ಯಕ್ಕೆ ಬೀಜ. ಒಡೆಯನಿಗೆ ನಿಗದಿತ ಗೇಣಿ ಕೊಟ್ಟು ವಂಶಪಾರಂಪರ್ಯವಾಗಿ ಅನುಭವಿಸುವ ಮೂಲಗೇಣಿ ಪದ್ಧತಿ ನಗರದೊಳಗೂ ಉಳಿದುಕೊಂಡು ಬಂದಿದ್ದು, ಆ ಒಕ್ಕಲುಗಳಿಗೆ ಒಡೆತನ ನೀಡಲೆಂದು ಕರ್ನಾಟಕವು 2011ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಕಟ್ಟಡ ನಿಂತಿರುವ ಭೂಮಿ ಮೂಲಗೇಣಿಯದಾಗಿದ್ದರೆ ಮೂಲ ಒಡೆಯನ ಹಕ್ಕು ಹೇಗೆ ಇತ್ಯರ್ಥವಾಗಿದೆ ಎಂಬ ದಾಖಲೆ ಬೇಕು. ಭೂಸುಧಾರಣೆಯಿಂದ ಬಂದ ಜಮೀನಾದರೆ ಭೂನ್ಯಾಯ ಮಂಡಳಿಯ ಆದೇಶ ಕುಟುಂಬದ ಒಬ್ಬರ ಹೆಸರಿನಲ್ಲಿದ್ದು ಉಳಿದವರು ಪಾಲು ಕೇಳುವ ಸಾಧ್ಯತೆಯನ್ನು ಪರಿಶೀಲಿಸಬೇಕು. ಅಳಿಯಸಂತಾನ ಕಟ್ಟಿನ ಕುಟುಂಬದ ಆಸ್ತಿಯಾದರೆ ಹೆಣ್ಣಿನ ಸಂತತಿಯ ಕವರು, ಅಂದರೆ ಶಾಖೆ, ಒಂದೊಂದರವರೂ ವಿಭಾಗ ಪತ್ರಕ್ಕೆ ಸೇರಿದ್ದಾರೆಯೇ ಎಂಬುದನ್ನು ಈ ಕಟ್ಟು ಬಲ್ಲ ಸ್ಥಳೀಯ ವಕೀಲರೇ ನೋಡಬೇಕು. ಬೇರೆ ಊರಿನ ವಕೀಲರ ಅಭಿಪ್ರಾಯ ಎಷ್ಟು ವಿದ್ವತ್ಪೂರ್ಣವಾಗಿದ್ದರೂ ಇಲ್ಲಿ ಸಾಲದು. ಕೃಷಿಭೂಮಿಯನ್ನು ವಸತಿಗೆ ಪರಿವರ್ತಿಸಿದ ಆದೇಶ, ಮೂವತ್ತು ವರ್ಷಗಳ ಋಣಭಾರ ಪತ್ರ, ನಿರ್ಮಾಪಕ ಆ ಭೂಮಿಯ ಮೇಲೆ ಸಾಲ ಪಡೆದಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಇವು ಎಲ್ಲೆಡೆಯಂತೆ ಇಲ್ಲಿಯೂ ಬೇಕು. ಭೂಮಾಲಿಕ ಮತ್ತು ನಿರ್ಮಾಪಕ ಜಂಟಿ ಅಭಿವೃದ್ಧಿ ಒಪ್ಪಂದದಲ್ಲಿ ಮನೆಗಳನ್ನು ಹಂಚಿಕೊಂಡಿರುವಲ್ಲಿ, ಮಾರಲಾಗುತ್ತಿರುವ ಮನೆ ಯಾರ ಪಾಲಿನದು ಎಂಬುದನ್ನು ಆ ಒಪ್ಪಂದದಲ್ಲಿಯೇ ಓದಿ ತಿಳಿಯಬೇಕು.

ರೇರಾ ಕಾಯ್ದೆ ಗ್ರಾಹಕರಿಗೆ ಕೊಟ್ಟಿರುವ ಬಲ ಸಣ್ಣದಲ್ಲ. ನೋಂದಾಯಿತ ಯೋಜನೆಯ ನಿರ್ಮಾಪಕ ಗ್ರಾಹಕರಿಂದ ಪಡೆದ ಹಣದ ಶೇ. 70ನ್ನು ಆ ಯೋಜನೆಯದ್ದೇ ಪ್ರತ್ಯೇಕ ಖಾತೆಯಲ್ಲಿ ಇಡಬೇಕು, ನೋಂದಾಯಿತ ಕರಾರು ಆಗುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯಕೂಡದು, ಮಂಜೂರಾದ ನಕ್ಷೆಯನ್ನು ತೋರಿಸಬೇಕು, ಹಕ್ಕಿನಲ್ಲಿ ದೋಷವಿದ್ದು ನಷ್ಟವಾದರೆ ಕಾಲಮಿತಿಯ ತಡೆಯಿಲ್ಲದೆ ಪರಿಹಾರ ಕೊಡಬೇಕು. ವಿಸ್ತೀರ್ಣವನ್ನು ಕಾರ್ಪೆಟ್ ಲೆಕ್ಕದಲ್ಲಿಯೇ ಹೇಳಬೇಕೆಂಬ ನಿಯಮವೂ ಮುಖ್ಯವಾದದ್ದು. ಹೊರಗೋಡೆ, ಕೊಳವೆಗಳ ಕಿಂಡಿ, ಬಾಲ್ಕನಿ, ತೆರೆದ ತಾರಸಿಗಳನ್ನು ಬಿಟ್ಟು ಒಳಗೋಡೆಗಳನ್ನು ಸೇರಿಸಿ ಮನೆಯೊಳಗೆ ಬಳಕೆಗೆ ಸಿಗುವ ನೆಲವೇ ಕಾರ್ಪೆಟ್ ವಿಸ್ತೀರ್ಣ, ಮೆಟ್ಟಿಲು, ಲಿಫ್ಟು, ಪ್ರವೇಶಾಂಗಣಗಳ ಪಾಲನ್ನೂ ಸೇರಿಸಿ ಉಬ್ಬಿಸಿದ ಸೂಪರ್ ಬಿಲ್ಟ್‌ಅಪ್ ಸಂಖ್ಯೆಯನ್ನು ಬೆಲೆ ಹೋಲಿಸಲು ಬಳಸಬಾರದು. ಆದರೆ 500 ಚದರ ಮೀಟರ್ ಮೀರದ ನಿವೇಶನದಲ್ಲಿ ಕಟ್ಟುವ ಅಥವಾ ಎಂಟು ಮನೆಗಳನ್ನು ಮೀರದ ಯೋಜನೆಗೆ ಈ ಕಾಯ್ದೆಯಡಿ ನೋಂದಣಿ ಕಡ್ಡಾಯವಲ್ಲ. ಕರಾವಳಿಯ ಲೆಕ್ಕದಲ್ಲಿ 500 ಚದರ ಮೀಟರ್ ಎಂದರೆ ಹನ್ನೆರಡು ಸೆಂಟ್ಸಿಗಿಂತ ತುಸು ಹೆಚ್ಚು. ಹಳೆಯ ಮನೆಯ ಹಿತ್ತಿಲಿನಲ್ಲಿ ಎದ್ದ ಎಷ್ಟೋ ಚಿಕ್ಕ ಕಟ್ಟಡಗಳು ಈ ಮಿತಿಯೊಳಗೇ ಬರುವುದರಿಂದ, ಅಲ್ಲಿ ಗ್ರಾಹಕರು ತಮ್ಮ ಕರಾರಿನಲ್ಲಿಯೇ ಕಾಲಾವಧಿ, ದೋಷ ಹೊಣೆ, ವಿಸ್ತೀರ್ಣಗಳನ್ನು ಬರೆಸಿಕೊಳ್ಳದಿದ್ದರೆ ಮುಂದೆ ಹಿಡಿಯಲು ಆಧಾರವಿರುವುದಿಲ್ಲ.

ಬೆಲೆಯ ಮೇಲೆ ಸೇರುವ ಖರ್ಚುಗಳನ್ನು ಮೊದಲೇ ಲೆಕ್ಕ ಹಾಕಬೇಕು. ನಿರ್ಮಾಣ ಹಂತದ ಮನೆಗೆ 2019ರ ಏಪ್ರಿಲ್‌ನಿಂದ ಶೇ. 5 ಜಿಎಸ್‌ಟಿ ಇದ್ದು, ತೆರಿಗೆ ನಿಯಮ ನಿಗದಿಪಡಿಸಿದ ವಿಸ್ತೀರ್ಣದೊಳಗಿನ, 45 ಲಕ್ಷ ರೂಪಾಯಿ ಮೀರದ ಮನೆಗೆ ಅದು ಶೇ. 1, ಪೂರ್ಣತಾ ಪ್ರಮಾಣಪತ್ರ ಬಂದ ಮೇಲೆ ಮಾರುವ ಮನೆಗೆ ಜಿಎಸ್‌ಟಿ ಇಲ್ಲ. ಮುದ್ರಾಂಕ ಶುಲ್ಕ 45 ಲಕ್ಷ ಮೀರಿದ ಮನೆಗೆ ಶೇ. 5, ಅದರ ಮೇಲೆ ಉಪಕರಗಳು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ. ಬೆಲೆ 50 ಲಕ್ಷ ರೂಪಾಯಿ ಅಥವಾ ಹೆಚ್ಚಾಗಿದ್ದರೆ ಕೊಳ್ಳುವವರು ಶೇ. 1ನ್ನು ಆದಾಯ ತೆರಿಗೆಯಾಗಿ ಕಡಿತಗೊಳಿಸಿ ತಾವೇ ಇಲಾಖೆಗೆ ಕಟ್ಟಬೇಕು.

ಕಟ್ಟಡ ಮಂಜೂರಾದ ನಕ್ಷೆಯಂತೆಯೇ ಇದೆ, ವಾಸಕ್ಕೆ ಯೋಗ್ಯವಾಗಿದೆ ಎಂದು ಮಹಾನಗರ ಪಾಲಿಕೆ ಕೊಡುವ ಪ್ರಮಾಣಪತ್ರ, ಅದರ ಬೆನ್ನಿಗೆ ಬರುವ ಡೋರ್ ನಂಬರ್ ಮತ್ತು ಇ-ಖಾತಾ ಇವಿಲ್ಲದೆ ಕೀಲಿಕೈ ಪಡೆಯುವುದು ಈಗ ಮೊದಲಿಗಿಂತ ಹೆಚ್ಚು ಅಪಾಯಕರ. ಇಂಥ ಪ್ರಮಾಣಪತ್ರವನ್ನು ನೋಡಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿಗಳ ಸಂಪರ್ಕ ಕೊಡಬೇಕೆಂದೂ ಬ್ಯಾಂಕುಗಳು ಸಾಲಕ್ಕೆ ಮೊದಲು ಅದನ್ನು ಪರಿಶೀಲಿಸಬೇಕೆಂದೂ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನ ನೀಡಿದೆ. ನೀರಿನ ಮಾತು ಬಂದಾಗ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಇಷ್ಟು ಮಳೆ ಬೀಳುವ ಊರಾದರೂ ಮಂಗಳೂರಿನ ಕುಡಿಯುವ ನೀರು ಬಹುತೇಕ ನೇತ್ರಾವತಿಯ ತುಂಬೆ ಅಣೆಕಟ್ಟೆಯನ್ನು ನೆಚ್ಚಿದ್ದು, ನದಿ ಬತ್ತಿದ 2019 ಮತ್ತು 2023ರ ಬೇಸಗೆಗಳಲ್ಲಿ ನಗರಕ್ಕೆ ಸರದಿಯಲ್ಲಿ ನೀರು ಬಿಡಬೇಕಾಯಿತು. ಸಮುಚ್ಚಯಕ್ಕೆ ತನ್ನದೇ ಸಿಹಿನೀರಿನ ಬಾವಿ ಇದೆಯೇ, ಮೇ ತಿಂಗಳಿನಲ್ಲಿ ಅದರ ನೀರು ಉಪ್ಪಾಗುವುದೇ ಎಂಬುದನ್ನು ಬೇಸಗೆಯಲ್ಲಿ ಅಲ್ಲಿ ವಾಸವಿದ್ದ ನೆರೆಯವರೇ ಚೆನ್ನಾಗಿ ಹೇಳಬಲ್ಲರು.

ವಿದೇಶದಲ್ಲಿರುವ ಭಾರತೀಯ ಪ್ರಜೆಗಳು ವಾಸದ ಮನೆಯನ್ನು ಕೊಳ್ಳಲು ಅಡ್ಡಿಯಿಲ್ಲ. ಕೃಷಿಭೂಮಿ, ತೋಟ, ತೋಟದ ಮನೆಗಳನ್ನು ಮಾತ್ರ ಕೊಳ್ಳುವಂತಿಲ್ಲ. ನೋಂದಣಿಗೆ ಬರಲಾಗದವರು ಊರಿನ ಬಂಧುವಿಗೆ ಕಳುಹಿಸುವ ಅಧಿಕಾರ ಪತ್ರಕ್ಕೆ, ಅದು ಭಾರತ ತಲಪಿದ ಮೂರು ತಿಂಗಳೊಳಗೆ ಇಲ್ಲಿಯ ಮುದ್ರಾಂಕ ಕಟ್ಟಿಸಬೇಕಾಗುತ್ತದೆ, ಮತ್ತು ಆ ಪತ್ರದಲ್ಲಿ ಇಂತಿಷ್ಟೇ ಕೆಲಸಕ್ಕೆಂದು ಅಧಿಕಾರವನ್ನು ಮಿತಗೊಳಿಸುವುದು ಲೇಸು. ಇಂಥ ಮನೆಗಳಲ್ಲಿ ಅನೇಕವು ವರ್ಷದ ಬಹುಭಾಗ ಬೀಗ ಹಾಕಿಕೊಂಡೇ ಇರುವುದರಿಂದ ಸೋರಿಕೆ ಯಾರ ಕಣ್ಣಿಗೂ ಬೀಳದೆ ಹಬ್ಬುತ್ತದೆ, ಮುಚ್ಚಿದ ಕೋಣೆಯ ತೇವಕ್ಕೆ ಕಪಾಟು, ಹಾಸಿಗೆಗಳು ಬೂಷ್ಟು ಹಿಡಿಯುತ್ತವೆ, ದೋಷದ ಹೊಣೆಯ ಐದು ವರ್ಷಗಳು ದೂರು ಬರೆಯುವವರಿಲ್ಲದೆಯೇ ಕಳೆದುಹೋಗುತ್ತವೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಬಾಗಿಲು ತೆಗೆದು ನೋಡುವವರನ್ನು ಗೊತ್ತುಮಾಡಿ, ಕಂಡ ಬಿರುಕು, ಒಸರುಗಳನ್ನು ದಿನಾಂಕಸಹಿತ ಚಿತ್ರ ತೆಗೆದು ನಿರ್ಮಾಪಕನಿಗೆ ಲಿಖಿತವಾಗಿ ತಿಳಿಸಿದರೆ, ಮೂವತ್ತು ದಿನಗಳಲ್ಲಿ ಸರಿಪಡಿಸಬೇಕೆಂಬ ರೇರಾ ಕಾಯ್ದೆಯ ಮಾತು ಜಾರಿಗೆ ಬರುತ್ತದೆ. ಐದನೆಯ ವರ್ಷದ ಮಳೆಗಾಲ ಮುಗಿಯುವ ಮುನ್ನ ನಿವಾಸಿಗಳ ಸಂಘವೇ ಎಂಜಿನಿಯರೊಬ್ಬರಿಂದ ಇಡೀ ಕಟ್ಟಡದ ತಪಾಸಣೆ ಮಾಡಿಸಿ ಆ ವರದಿಯನ್ನು ನಿರ್ಮಾಪಕನಿಗೆ ತಲಪಿಸುವುದಾದರೆ, ಹೊರಗಿನ ಬಣ್ಣಕ್ಕೂ ತಾರಸಿಯ ಜಲನಿರೋಧಕಕ್ಕೂ ಮುಂದೆ ಬೇಕಾಗುವ ಹಣವನ್ನು ತಿಂಗಳ ನಿರ್ವಹಣಾ ಶುಲ್ಕದಲ್ಲಿ ಈಗಿನಿಂದಲೇ ಎಷ್ಟು ಕೂಡಿಡಬೇಕೆಂಬ ಲೆಕ್ಕವೂ ಅದೇ ವರದಿಯಿಂದ ಸಿಗುತ್ತದೆ.